ಸೊನ್ನೆ

ನಾಳೆ ಹತ್ತಕ್ಕೆ ಎಸ್.ಪಿ. ರೋಡಿನಿಂದ ಆಟೋ ಬರುತ್ತದೆ,
ಬಾಡಿಗೆ ಕಂಪ್ಯೂಟರು ವಾಪಸು.
ಒಂಬತ್ತು ವರ್ಷ, ತಿಂಗಳಿಗೆ ಎಂಟುನೂರು.
ಆ ದುಡ್ಡಿಗೆ ಇಂಥವು ನಾಲ್ಕು ಬರುತ್ತಿದ್ದವು,
ಲೆಕ್ಕ ಹಾಕಬಾರದು.

ರಾಜಾಜಿನಗರದ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು
ಮೆಟ್ಟಿಲ ಕೆಳಗಿನ ಗೂಡು ನನ್ನದು.
ಬೋರ್ಡಿನಲ್ಲಿರುವುದು: ಡಿಟಿಪಿ, ಜೆರಾಕ್ಸ್, ಛಾಪಾ ಕಾಗದ.
ಇಲ್ಲದ್ದು: ಜಗಳವಾಡಿ ಬಂದವರಿಗೆ ನೀರು,
ಅಳುವವರಿಗೆ ಸ್ಟೂಲು.

ಎಲ್ಲ ಡಿಲೀಟ್ ಮಾಡಿ, ಕಸದಬುಟ್ಟಿಯನ್ನೂ ಬರಿದು ಮಾಡಿ
ಸೆರಗಿಗೆ ಕೈ ಒರೆಸಿಕೊಂಡಿದ್ದೆ.
ಇಮ್ದಾದ್ ನಕ್ಕ. ಟೋನರ್ ತುಂಬಲು ಬರುವ ಹುಡುಗ,
ಬೆರಳಿಗೆ ಸದಾ ಮಸಿ.
‘ಅಕ್ಕಾ, ನೀವು ಹರಿದಿದ್ದು ಪರಿವಿಡಿ ಮಾತ್ರ.
ಪುಟ ಎಲ್ಲಾ ಒಳಗೇ ಅವೆ.
ನೋಡ್ತೀರಾ?’

ನೋಡಬಾರದಿತ್ತು.
ಅವನ ಪೆನ್‌ಡ್ರೈವಿನ ಯಾವುದೋ ಪ್ರೋಗ್ರಾಮು
ಬಾವಿಗೆ ಪಾತಾಳಗರಡಿ ಬಿಟ್ಟ ಹಾಗೆ
ಒಂದೊಂದೇ ಬಿಂದಿಗೆ ಎತ್ತಿ ತಂದಿತು:
ಎಲ್ಲರನ್ನೂ ಕಳ್ಳರನ್ನಾಗಿಸುವ ಆಧಾರ್ ಫೋಟೊಗಳು;
ಮಾಂಸ ಬೇಯಿಸಕೂಡದೆಂಬ ಹನ್ನೊಂದು ತಿಂಗಳ ಕರಾರು
(ಅದನ್ನು ಟೈಪು ಮಾಡಿದ ಮಧ್ಯಾಹ್ನ ನನ್ನ ಡಬ್ಬಿಯಲ್ಲಿ ಕೋಳಿ ಸಾರು);
ಒಂದು ಅಫಿಡವಿಟ್ಟು,
‘ಪುಟ್ಟನರಸಯ್ಯ ಹಾಗೂ ಪಿ. ನರಸಯ್ಯ ಇಬ್ಬರೂ ನಾನೊಬ್ಬನೇ.’

ಆಮೇಲೆ ಮುನಿವೆಂಕಟಪ್ಪನವರ ಉಯಿಲು.
ಬಿನ್ನಿ ಮಿಲ್ಲಿನಲ್ಲಿ ಸವೆದ ಕೈ, ಲಗ್ಗೆರೆಯಲ್ಲಿ
ಇಪ್ಪತ್ತು ಮೂವತ್ತರ ಒಂದು ಸೈಟು.
ಆರು ಸಲ ಬಂದಿದ್ದರು.
ಮಗಳ ಹೆಸರು ಹಾಕಮ್ಮ.
ಬ್ಯಾಡ, ತೆಗಿ.
ಅರ್ಧ ಹಾಕು. ಮಹಡಿ ಮೇಲಿನ ರೂಮು ಮಾತ್ರ ಹಾಕು.
ಇವತ್ತು ಬ್ಯಾಡಮ್ಮ, ತಲೆನೋವು.
ಸಹಿ ಬಿದ್ದದ್ದರಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರು ಸಾಕ್ಷಿಗಳು.

ಅವರು ತೀರಿಕೊಂಡ ಮೇಲೆ ಹೊಂಬಾಳಮ್ಮ ಬಂದಿದ್ದಳು,
ಗಾರ್ಮೆಂಟ್ಸ್ ಮುಗಿಸಿ, ಕೂದಲಲ್ಲಿ ದಾರದ ಚೂರು.
‘ಸೈಟಿಗಲ್ಲಕ್ಕ. ಒಂದು ಸಲನಾದ್ರೂ ಬರೆಸಿದ್ರಾ ಅಂತ.’
‘ಅಳಿಸಿಬಿಟ್ಟಿದ್ದೀನಮ್ಮ’ ಎಂದೆ.
ಸುಳ್ಳೆಂದು ನನಗೇ ಗೊತ್ತಿರಲಿಲ್ಲ.
ಅವಳು ಕೇಳಿದ್ದು ಅದನ್ನಲ್ಲ ಎಂಬುದು ಗೊತ್ತಿತ್ತು.

ಈಗ ಪರದೆಯ ಮೇಲೆ ಮೂರನೆಯ ಕರಡು:
‘ಮಗಳು ಹೊಂಬಾಳಮ್ಮ, ಕಾಯಿಲೆಯಲ್ಲಿ ನನ್ನನ್ನು ನೋಡಿಕೊಡಂವಳು.’
ನಮೂನೆಯಲ್ಲಿಲ್ಲದ ಮಾತು, ಅವರೇ ಹೇಳಿ ಬರೆಸಿದ್ದು.
ತಪ್ಪು ನನ್ನದು. ಅವಸರದಲ್ಲಿ ಸೊನ್ನೆ
ಒಂದು ಮನೆ ಆಚೆ ಹೋಗಿ ಕೂತಿದೆ.

ಸಹಿಯಿಲ್ಲದ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ.
ಸತ್ತವರ ಗುಟ್ಟು ಯಾರ ಸ್ವತ್ತು?
ಒಂಬತ್ತು ವರ್ಷ ಆ ಕಚೇರಿಗೆ ಮುಖ ಮಾಡಿ ಕೂತವಳಿಗೂ ತಿಳಿಯದು.

ಇಮ್ದಾದ್ ಚಹಾಕ್ಕೆ ಹೋದಾಗ ಫೋನು ಮಾಡಿದೆ.
ಆ ಕಡೆ ಹೊಲಿಗೆ ಮೆಷಿನ್ನುಗಳ ಗದ್ದಲ, ಓಟಿ ಇರಬೇಕು.
ಒಂದೇ ಸಾಲು ಓದಿದೆ,
ಸೊನ್ನೆಯನ್ನು ಅದರ ಮನೆಗೆ ಕರೆತಂದು ಓದಿದೆ.
ಮೆಷಿನ್ನುಗಳು ನಿಲ್ಲಲಿಲ್ಲ.
ಎಷ್ಟೋ ಹೊತ್ತಾದ ಮೇಲೆ
‘ಊಟ ಆಯ್ತಾಕ್ಕ?’ ಎಂದಳು.

ಪ್ರಿಂಟು ತೆಗೆಯಲಿಲ್ಲ.
‘ಹಾಕ್ಲಾ? ಈ ಸಲ ಹೋದ್ರೆ ನಮ್ಮಪ್ಪ ಬಂದ್ರೂ ಸಿಗಲ್ಲ.’
ಹಾಕು.

ಅಳಿಸುವುದೆಂದರೆ ಒರೆಸುವುದಲ್ಲವಂತೆ, ಬರೆಯುವುದಂತೆ.
ಈ ಅಂಚಿನಿಂದ ಆ ಅಂಚಿಗೆ ಬರೀ ಸೊನ್ನೆ.
ನನ್ನ ಬೆರಳು ಏಳು ಜನ್ಮ ಬಡಿದರೂ ಮುಗಿಯದಷ್ಟು
ಎರಡೂವರೆ ಗಂಟೆಯಲ್ಲಿ.
ಡಬ್ಬದೊಳಗೆ ಯಾರೋ ರಾಗಿ ಬೀಸುವ ಸದ್ದು.
ಶೇಕಡಾ ನಾಲ್ಕು. ಹತ್ತೊಂಬತ್ತು.
ಕೋಳಿ ಸಾರಿನ ಕರಾರು ಹೋಗಿರಬೇಕು.
ನಲವತ್ತು. ನರಸಯ್ಯರಿಬ್ಬರೂ
ಒಬ್ಬನಾಗಿಯೇ ಹೋದರು.
ಮೂರನೆಯ ಕರಡು ಯಾವಾಗ ಹೋಯಿತೋ,
ನಾನಾಗ ಷಟರ್ ಅರ್ಧ ಇಳಿಸುತ್ತಿದ್ದೆ.

ಬೆಳಿಗ್ಗೆ ಆಟೋದವನು ಸೀಟಿಗೆ ಹಗ್ಗ ಬಿಗಿಯುತ್ತ ಕೇಳಿದ,
‘ಒಳಗೇನಾದ್ರೂ ಐತಾ ಮೇಡಂ?’
ಸೊನ್ನೆ, ಎಂದೆ.
ಬೇಜಾನ್ ಇವೆ. ಹಂಪು ನೋಡಿಕೊಂಡು ಓಡಿಸು.